ಮಾಡಿನ ಮೇಲಿನ ಹೋರಿಗಳು

೨೦೧೯ರ ಏಪ್ರಿಲ್ ೧೨, ಶುಕ್ರವಾರ, ಬೆಳಿಗ್ಗೆ ೧೦.೪೦. ಕೊಲ್ಪಾಪಂಪಾದ ಸರ್ಕಾರಿ ಶಾಲೆಯ ಅಂಗಳದಲ್ಲಿ ತಂತ್ರಜ್ಞ ವಿಲ್ಬೆರ್ ಇಂಟರ್ನೆಟ್ ವೇಗ ಅಳೆಯುವ ಯಂತ್ರವನ್ನು ಎರಡನೇ ಸಲ ಒತ್ತಿ ನೋಡಿ ತಲೆಯಾಡಿಸಿದ.

"ಪ್ರೊಫೆ, ಅರ್ಧ ಮೆಗಾಬಿಟ್ಟೂ ಇಲ್ಲ. ಮಧ್ಯಾಹ್ನದೊಳಗೆ ನಾಲ್ಕು ದಾಟದಿದ್ರೆ ಆಂಟೆನಾ ಬಿಚ್ಚಿ ಪಕ್ಕದ ಊರಿಗೆ ಒಯ್ಯಬೇಕು. ಅವರೂ ಕಾಯ್ತಿದ್ದಾರೆ."

ಪ್ರೊಫೆ ಅನ್ನಿಸಿಕೊಂಡ ಎರ್ಮೆಲಿಂದಾ ಟೀಚರ್ ಗಡಿಯಾರ ನೋಡಿಕೊಂಡರು. ಎರಡು ವರ್ಷ ಅರ್ಜಿ ಹಾಕಿ ಹಾಕಿ ತರಿಸಿ, ಶಾಲೆಯ ಮಾಡಿನ ಮೇಲೆ ಕೂರಿಸಿದ ಆಂಟೆನಾ ಅದು. ಇನ್ನಾದರೂ ಮಕ್ಕಳು ಒಂದು ಪಾಠದ ಚಿತ್ರಕ್ಕಾಗಿ ಫೋನ್ ಹಿಡಿದು ಗುಡ್ಡ ಹತ್ತುವುದು ತಪ್ಪುತ್ತದೆ ಅಂದುಕೊಂಡಿದ್ದರು.

ನಿನ್ನೆ ಸಂಜೆ ಇದೇ ಯಂತ್ರ ಹತ್ತು ದಾಟಿತ್ತು. ತಂತಿ ಅದೇ, ಎದುರು ಗುಡ್ಡದ ಗೋಪುರ ಅದೇ, ಆಕಾಶವೂ ಅಷ್ಟೇ ತಿಳಿ. ಹಾಗಾದರೆ ರಾತ್ರಿ ಬೆಳಗಾಗುವುದರೊಳಗೆ ಬದಲಾದದ್ದೇನು? ಅವರು ಮಾಡಿನತ್ತ ಕತ್ತೆತ್ತಿದರು.

ಬೆಳಿಗ್ಗೆ ಶಾಸ್ತ್ರ ನಡೆದಿತ್ತು. ಊರ ಪದ್ಧತಿಯಂತೆ, ಹೊಸದಾಗಿ ಕಟ್ಟಿದ್ದಕ್ಕೆ ಒಬ್ಬ ಧರ್ಮತಾಯಿ ಬೇಕು. ಆಕೆ ತಂದ ಜೋಡಿ ಮಣ್ಣಿನ ಹೋರಿ, ಅವುಗಳ ನಡುವಿನ ತಗಡಿನ ಶಿಲುಬೆ ಮಾಡನ್ನು ಕಾಯಬೇಕು. ಹೋರಿಗಳನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದವರು ದೋನ್ಯಾ ಸತುರ್ನಿನಾ. ಮೊಣಕಾಲೆತ್ತರದ ಆ ಹೋರಿಗಳ ಹೊಟ್ಟೆ ತುಂಬ ಮೆಕ್ಕೆಜೋಳದ ಹುಳಿಹೆಂಡ ಚಿಚಾ ಹೊಯ್ದು, ಆಂಟೆನಾದ ಬಟ್ಟಲಿಗೆ ಸರಿಯಾಗಿ ಎದುರಲ್ಲೇ ನಿಲ್ಲಿಸಿದ್ದರು.

ಚಿಚಾದ ನೀರು, ಶಿಲುಬೆಯ ತಗಡು: ರೇಡಿಯೊ ಅಲೆಯನ್ನು ಒಂದು ಹೀರುತ್ತದೆ, ಇನ್ನೊಂದು ತಡೆಯುತ್ತದೆ. ಕಾರಣವೇನೋ ಸಿಕ್ಕಿತು. ಆದರೆ ಇಟ್ಟ ಹೋರಿಗೆ ಧರ್ಮತಾಯಿಯಲ್ಲದೆ ಬೇರೆಯವರು ಕೈ ಹಚ್ಚುವಂತಿಲ್ಲ. ಧರ್ಮತಾಯಿಯೋ ಅಂಗಳದಲ್ಲಿ ಬೇಯಿಸಿದ ಆಲೂಗಡ್ಡೆ ಹಂಚುತ್ತಿದ್ದರು.

"ಕೊಮಾದ್ರೆ, ಹೋರಿಗಳನ್ನ ಚೂರು ಸರಿಸ್ಬೇಕಲ್ಲ," ಅಂದರು ಟೀಚರ್, ಧರ್ಮತಾಯಿಯನ್ನು ರೂಢಿಯಂತೆ ಕರೆದು.

"ಬೆಳಿಗ್ಗೆ ಇಟ್ಟು ಮಧ್ಯಾಹ್ನ ಕೀಳೋದಾ? ಮಾಡು ಹಾರಿಹೋದ್ರೆ ಬೈಸ್ಕೊಳ್ಳೋಳು ನಾನು!"

"ಕೀಳೋದು ಬೇಡ. ನಿಮ್ಮನೇಲಿ ಎಲ್ಲಿ ನಿಲ್ಸಿದ್ದೀರಿ?"

"ನಡುನೆತ್ತೀಲಿ. ಇಲ್ಲಿ ಹೊಸದು ಅಂದ್ರೆ ಆ ಬಟ್ಟಲು ತಾನೇ? ಅದರ ಮುಂದೇ ಕಾವಲು."

"ಪಾಠ ಎಲ್ಲ ಆ ಗುಡ್ಡದಿಂದ ಬರ್ಬೇಕು ಕೊಮಾದ್ರೆ. ಬಾಗಿಲಿಗೆ ಅಡ್ಡ ಹೋರಿ ಕಟ್ಟಿ, ನೆಂಟರೇ ಬನ್ನಿ ಅಂದ್ರೆ ಬರ್ತಾರಾ?"

ಸತುರ್ನಿನಾ ಗುಡ್ಡ ನೋಡಿದರು, ಬಟ್ಟಲು ನೋಡಿದರು, ಕೈಯಲ್ಲಿದ್ದ ಆಲೂಗಡ್ಡೆಯನ್ನೂ ನೋಡಿದರು.

"ಊಟದ ಹೊತ್ತಾದ್ರೆ ಹಾರ್ಕೊಂಡಾದ್ರೂ ಬರ್ತಾರೆ," ಎಂದು ನಕ್ಕರು. "ಮೊದಲೇ ಹೇಳ್ಬಾರ್ದಿತ್ತಾ? ಇಷ್ಟು ಓದಿದೀಯ, ನಾನು ಏಣಿ ಹತ್ತುವಾಗ ನೀನು ಸುಮ್ನೆ ಚಪ್ಪಾಳೆ ತಟ್ತಿದ್ಯಲ್ಲ!"

ಟೀಚರ ಮುಖ ಕೆಂಪಾಯಿತು. ಮಾತು ನಿಜ, ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅವರೇ.

ಸತುರ್ನಿನಾ ಟೋಪಿ ಬಿಗಿಮಾಡಿ, ಪದರ ಪದರ ಲಂಗ ಎತ್ತಿಕಟ್ಟಿ ಏಣಿ ಏರಿದರು. "ಏಯ್ ಇಂಜಿನಿಯರಪ್ಪ, ಗಟ್ಟಿ ಹಿಡ್ಕೊ. ಕಣ್ಣು ನೆಲದ ಮೇಲಿರ್ಲಿ!"

ವಿಲ್ಬೆರ್ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಮಕ್ಕಳು ಕಿಸಕ್ಕೆಂದರು.

ಹೋರಿಗಳೂ ಶಿಲುಬೆಯೂ ಬಟ್ಟಲಿನ ಹಿಂದೆ ಮಾಡಿನ ನೆತ್ತಿಗೆ ಹೋದವು. ಹೊಸ ಜಾಗಕ್ಕೆ ಒಂದು ಗುಟುಕು ಚಿಚಾ ಬಿತ್ತು. "ಈಗ ನೆಂಟರನ್ನ ಕರಿ," ಎಂದು ಸತುರ್ನಿನಾ ಮೇಲಿಂದಲೇ ಕೂಗಿದರು.

ವಿಲ್ಬೆರ್ ಯಂತ್ರ ಒತ್ತಿದ. ಎರ್ಮೆಲಿಂದಾ ಅವನ ಭುಜದ ಮೇಲಿಂದ ಬಗ್ಗಿ ಓದಿದರು: ಸೆಕೆಂಡಿಗೆ ೧೧.೬ ಮೆಗಾಬಿಟ್.