ತನಗೆ ತಾನೇ ಧಣಿ

ಮಗಳು ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ನೀರನ್ನು ಲಾರಿಯ ಮೇಲೆ ಬೀಸಿ ಎರಚಿದಳು. ಕೆಳಗಿನ ಸಾಲಿನ ಪಂಜರಗಳಿಗಷ್ಟೇ ಅದು ತಲುಪಿತು. ಅಲ್ಲಿದ್ದ ಕೋಳಿಗಳು ಮೈ ಕೊಡವಿಕೊಂಡವು. ಮೇಲಿನ ಸಾಲಿನವು ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತಲೇ ಇದ್ದವು.

"ಸಾಕು ನಿಲ್ಸೇ," ಎಂದು ಬಾಗಿಲಲ್ಲಿ ನಿಂತಿದ್ದ ಸೋದರತ್ತೆ ಕೂಗಿದಳು. ಸತ್ತವನ ಒಬ್ಬಳೇ ಅಕ್ಕ ಆಕೆ. "ಡ್ರಮ್ಮಿನ ನೀರೆಲ್ಲ ಕೋಳಿಗೇ ಸುರಿದ್ರೆ ನಿಮ್ಮಪ್ಪನ ಮೈ ತೊಳ್ಯೋದು ಯಾವುದ್ರಲ್ಲಿ?"

"ಅಪ್ಪಂಗೆ ಅಂತ ಅಡುಗೆಮನೆಯಲ್ಲಿ ಎತ್ತಿಟ್ಟಿದೀನಿ ಅತ್ತೆ."

"ಹೆಣ ಒಳಗಿದೆ, ಇವಳಿಗೆ ಹೊರಗಿನ ಕೋಳಿ ಚಿಂತೆ."

ಮಗಳು ಮತ್ತೆ ಬಕೆಟ್ ತುಂಬಿಸಿದಳು. ಬಿಸಿಲು ಓಣಿಯ ನಡುವಿಗೆ ಬಂದಿತ್ತು. ಲಾರಿ ಓಣಿಯ ಎರಡೂ ಗೋಡೆಗಳ ಮಧ್ಯೆ ಬಿರಡೆಯ ಹಾಗೆ ಸಿಕ್ಕಿಕೊಂಡು ನಿಂತಿತ್ತು. ಬಂದವರೆಲ್ಲ ಹೊಟ್ಟೆ ಒಳಗೆಳೆದುಕೊಂಡು, ಅಡ್ಡಡ್ಡ ಹೆಜ್ಜೆಯಿಟ್ಟು, ಅಂಗಿಗೆ ಗ್ರೀಸ್ ಬಳಿದುಕೊಂಡು ಮನೆ ಮುಟ್ಟುತ್ತಿದ್ದರು. ಹೆಣ ಸಾಗಿಸುವ ವ್ಯಾನು ಓಣಿಯ ಬಾಯಲ್ಲೇ ನಿಂತು ಎರಡು ಸಲ ಹಾರನ್ ಮಾಡಿ ಸುಮ್ಮನಾಗಿತ್ತು.

ಲಾರಿ ಸತ್ತವನದೇ. ಕೋಳಿ ಲೋಡು ಹಾಕಿಕೊಂಡು ಅವನು ಎಂದೂ ಮನೆಯ ಮುಂದೆ ನಿಲ್ಲಿಸಿದವನಲ್ಲ. ಓಡುವ ಲಾರಿಯ ಗಾಳಿಯೇ ಕೋಳಿಗಳ ಉಸಿರು. ನಿಂತರೆ ಪಂಜರಗಳು ಒಲೆಯಾಗುತ್ತವೆ. ಈ ದಿನ ಬೆಳಕು ಹರಿಯುವಾಗ ಮಾತ್ರ ನಿಲ್ಲಿಸಿದ. "ಎದೆ ಯಾಕೋ ಹಿಡ್ಕೊಂಡ ಹಾಗಿದೆ. ಬಿಸಿಯಾಗಿ ಟೀ ಕೊಡು. ಕುಡ್ದು ಹೊರಟೇಬಿಡ್ತೀನಿ," ಎಂದು ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಲಾರಿಯ ಸೆಲ್ಫ್ ಕೈಕೊಡುತ್ತಿತ್ತು. ಆರಿಸಿದರೆ ಮತ್ತೆ ಹತ್ತುವ ಖಾತರಿಯಿಲ್ಲವೆಂದು ಎಂಜಿನ್ ಓಡುವುದಕ್ಕೇ ಬಿಟ್ಟಿದ್ದ.

ಹೆಂಡತಿ ಟೀ ತಂದಾಗ ಅವನ ಗದ್ದ ಎದೆಗೆ ತಗುಲಿತ್ತು. ಕೂತಲ್ಲೇ ನಿದ್ದೆಹೋಗುವುದು ಅವನಿಗೆ ಹೊಸದಲ್ಲ. ಸ್ವಲ್ಪ ಮಲಗಲಿ ಎಂದು ಲೋಟಕ್ಕೆ ತಟ್ಟೆ ಮುಚ್ಚಿಟ್ಟು ಒಳಗೆ ಹೋದಳು. ಕೋಳಿಗಳ ಗಲಾಟೆ ಜೋರಾದಾಗಲೇ ಮತ್ತೆ ಹೊರಗೆ ಬಂದು ಭುಜ ಹಿಡಿದು ಅಲುಗಿಸಿದ್ದು. "ಏಳ್ರೀ, ಕೋಳಿ ಸಾಯ್ತವೆ."

ಡಾಕ್ಟರು ಬಂದು, ನೋಡಿ, ತಲೆಯಾಡಿಸಿ ಹೋಗುವವರೆಗೂ ಎಂಜಿನ್ ಓಡುತ್ತಲೇ ಇತ್ತು. ಆಮೇಲೆ ಅವಳೇ ಲಾರಿ ಹತ್ತಿ ಕೀಲಿ ತಿರುಗಿಸಿದಳು. ಓಣಿ ಒಮ್ಮೆಲೇ ನಿಶ್ಶಬ್ದವಾಯಿತು. ಆಗ ಅವಳಿಗೆ ಅಳು ಬಂತು.

* * *

ಹಿಂದೆ ಅವನು ಸಂಬಳದ ಡ್ರೈವರಾಗಿದ್ದ. ತಾಯಿ ತೀರಿಕೊಂಡ ಸುದ್ದಿ ಬಂದ ದಿನ ರಜೆ ಕೇಳಲು ಮಾಲೀಕನ ಮೇಜಿನ ಮುಂದೆ ನಿಂತ.

"ಲೋಡು ಇಳಿಸಿ ಹಾಗೇ ಹೋಗು," ಎಂದ ಮಾಲೀಕ, ತಲೆಯೆತ್ತದೆ. "ನೀನು ಬೇಗ ಹೋದೆ ಅಂತ ಅವರೇನು ಎದ್ದು ಕೂರ್ತಾರಾ?"

ಅವನು ಲೋಡು ಇಳಿಸಿಯೇ ಹೋದ. ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದರು. ಅಕ್ಕ ಅವನ ಮುಖ ನೋಡಿ ಒಳಗೆ ಹೋದಳು.

ಆ ನೋಟವನ್ನು ಅವನು ವರ್ಷಗಟ್ಟಲೆ ಹೊತ್ತು ತಿರುಗಿದ. ಕೊನೆಗೆ ಯಾರೋ ಓಡಿಸಿ ಬಿಟ್ಟ ಲಾರಿಯೊಂದನ್ನು ಕೊಂಡ. ಅದರ ಮೇಲಿದ್ದ ಹಿಂದಿನವನ ಹೆಸರಿನ ಮೇಲೆ ತಾನೇ ಕೂತು ಹಸಿರು ಬಣ್ಣ ಬಳಿದ. ಇಳಿಬಿಸಿಲಿಗೆ ಆ ಅಕ್ಷರಗಳು ಬಣ್ಣದ ಕೆಳಗಿಂದ ಮತ್ತೆ ಎದ್ದು ಕಾಣುತ್ತಿದ್ದವು. ಟೀ ಅಂಗಡಿಯಲ್ಲಿ ಜತೆಗಾರರೆದುರು, "ಇನ್ಮೇಲೆ ನನಗೆ ನಾನೇ ಧಣಿ ಕಣ್ರಯ್ಯಾ," ಎಂದು ಎದೆ ತಟ್ಟಿಕೊಂಡ. ಅವತ್ತಿನಿಂದ ಅವನ ಹೆಸರೇ ಧಣಿ ಎಂದಾಯಿತು. ಮೊದಮೊದಲು ಕುಹಕಕ್ಕೆ ಕರೆದರು, ಆಮೇಲೆ ಅಭ್ಯಾಸಕ್ಕೆ.

ಲಾರಿ ಮನೆಗೆ ಬಂದ ದಿನ ಹೆಂಡತಿಯನ್ನೂ ಕೈಗೂಸನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆ ಹೊರಟ. ಹಿಂದೆ ಖಾಲಿ ತೊಟ್ಟಿ ಗಡಗಡ ಎನ್ನುತ್ತಿತ್ತು. ಮರವಿಲ್ಲದ, ಅಂಗಡಿಯಿಲ್ಲದ, ಬರೀ ಬಯಲಿದ್ದ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿದ.

"ಏನಾಯ್ತು?" ಎಂದು ಹೆಂಡತಿ ಗಾಬರಿಯಾದಳು.

"ಏನೂ ಆಗ್ಲಿಲ್ಲ. ಇಲ್ಲಿ ನಿಲ್ಲಿಸ್ಬೇಕು ಅನ್ನಿಸ್ತು, ನಿಲ್ಲಿಸ್ದೆ." ಸ್ಟೇರಿಂಗಿನ ಮೇಲೆ ಎರಡೂ ಮೊಣಕೈ ಊರಿ ನಕ್ಕ. "ಯಾಕೆ ನಿಲ್ಲಿಸ್ದೆ ಅಂತ ಕೇಳೋರು ಯಾರಿದಾರೆ ಈಗ?"

ಅಲ್ಲಿ ಬಹಳ ಹೊತ್ತು ಇದ್ದರು. ಮಗು ಸ್ಟೇರಿಂಗ್ ಹಿಡಿದುಕೊಂಡು ಕುಣಿಯಿತು. ಲಾರಿ ಲೋಡಿಲ್ಲದೆ, ಬರೀ ಖುಷಿಗೆಂದು ಓಡಿದ್ದು ಅದೊಂದೇ ದಿನ.

* * *

"ಅತ್ತಿಗೇ," ಎಂದು ಹೊರಗಿನಿಂದಲೇ ಕೂಗುತ್ತ ಬಂದವನು ಧಣಿಯ ಹಳೆಯ ಜತೆಗಾರ. ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಸಾವಿನ ಮನೆಯಲ್ಲೂ ಅವನ ದನಿ ಇಳಿಯುತ್ತಿರಲಿಲ್ಲ. ಎಲ್ಲರೂ ಅವನನ್ನು ಹಾರನ್ ಎಂದೇ ಕರೆಯುತ್ತಿದ್ದರು. ಒಳಗೆ ಬಂದು ಧಣಿಯ ಕಾಲಬಳಿ ಕೂತವನು ಬಹಳ ಹೊತ್ತು ಬಲಗಾಲಿನ ಹೆಬ್ಬೆರಳನ್ನು ಹಿಡಿದುಕೊಂಡಿದ್ದ.

"ಮೊನ್ನೆ ಕೂಡ ಹೇಳ್ದೆ ಅತ್ತಿಗೆ. ಒಂದು ವಾರ ಗಾಡಿ ನಿಲ್ಲಿಸೋ, ಎದೆ ತೋರಿಸ್ಕೋ ಅಂತ. 'ಗಾಡಿ ನಿಂತ್ರೆ ನಾನು ನಿಂತ ಹಾಗೇ' ಅಂದ."

"ಗಾಡಿ ಅಂತೂ ನಿಂತಿದೆ," ಎಂದಳು ಹೆಂಡತಿ. "ವ್ಯಾನು ಬರೋಕೂ ಜಾಗ ಬಿಡದೆ ನಿಂತಿದೆ."

ಅಷ್ಟರಲ್ಲಿ ಏಜೆಂಟ್ ಬಂದ. ಧಣಿಗೆ ಬಾಡಿಗೆ ಕೊಡಿಸುತ್ತಿದ್ದವನು ಅವನೇ. ಜತೆಗೆ ಹೊಸ ಡ್ರೈವರೊಬ್ಬನನ್ನು ಕರೆತಂದಿದ್ದ. ಚಪ್ಪಲಿ ಹೊರಗೆ ಬಿಟ್ಟು ಬಂದು, ಕೈಮುಗಿದು, ಧಣಿಯ ಮುಖವನ್ನು ದಿಟ್ಟಿಸಿ ನೋಡಿದ. ಅವನ ಕಣ್ಣು ತುಂಬಿದ್ದು ನಟನೆಯಾಗಿರಲಿಲ್ಲ. ಆದರೆ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಮೂರನೆಯ ಸಲಕ್ಕೆ ಹೊರಗೆ ಹೋಗಿ, "ಸಾರ್, ಸಾವಿನ ಮನೆಯಲ್ಲಿದೀನಿ ಸಾರ್... ಗೊತ್ತು ಸಾರ್, ಕೋಳಿ... ಗೊತ್ತು," ಎಂದು ಗೋಡೆಗೆ ಹಣೆ ಹಚ್ಚಿ ಮಾತಾಡಿದ. ತಿರುಗಿ ಬಂದವನು ಹೆಂಡತಿಯೆದುರು ನಿಂತು ಕೈ ಕೈ ಹಿಸುಕಿಕೊಂಡ.

"ಅಮ್ಮಾ, ಕೇಳಬಾರದ ಹೊತ್ತಲ್ಲಿ ಕೇಳ್ತಿದೀನಿ. ಕೀಲಿ ಕೊಟ್ರೆ ಲೋಡು ಮುಟ್ಟಿಸಿಬಿಡ್ತಾನೆ ಈ ಹುಡುಗ. ಬಿಸಿಲು ಏರ್ತಿದೆ. ಮೇಲಿನ ಸಾಲಲ್ಲಿ ಆಗ್ಲೇ ಕೆಲವು ಹೋಗಿವೆ."

ಹೆಂಡತಿ ಹೊರಗಿನ ಪಂಜರಗಳ ಕಡೆ ನೋಡಿದಳು.

"ಇನ್ನೊಂದು ಮಾತು. ಹೋಗಿರೋವನ್ನ ತೆಗೆದು ಪಕ್ಕಕ್ಕೆ ಹಾಕಿಸಿದೀನಿ. ನೀವೂ ಒಂದ್ಸಲ ಬಂದು ನೋಡ್ಬಿಡಿ. ಅವುಗಳ ದುಡ್ಡು ಬಾಡಿಗೇಲಿ ಹಿಡೀತಾರೆ, ಆಮೇಲೆ ಮಾತು ಬರಬಾರದು."

ಹಾರನ್ ಎದ್ದು ನಿಂತ. "ಒಳಗೂ ಒಬ್ಬ ಹೋಗಿದಾನಲ್ಲಯ್ಯಾ! ಅವನನ್ನೂ ಸೇರಿಸ್ಕೋ ಲೆಕ್ಕಕ್ಕೆ! ಅವನನ್ನ ಯಾರ ಬಾಡಿಗೇಲಿ ಹಿಡೀತೀಯ?"

ಮನೆಯಲ್ಲಿದ್ದವರೆಲ್ಲ ಬೆಚ್ಚಿದರು. ಏಜೆಂಟ್ ತಲೆ ತಗ್ಗಿಸಿದ. "ನಾನೇನು ಮಾಡ್ಲಿ ಅಣ್ಣಾ, ನನ್ನ ಮೇಲೂ ಕೂಗ್ತಾರೆ," ಎಂದು ಗೊಣಗಿದ.

"ಕೊಡಬೇಡ ಕಣೇ," ಎಂದಳು ಸೋದರತ್ತೆ. "ಮೊದ್ಲು ನನ್ನ ತಮ್ಮ ಹೋಗ್ಲಿ. ಇಷ್ಟು ವರ್ಷ ಎಲ್ಲರಿಗಿಂತ ಹಿಂದೆ ನಿಂತ. ಇವತ್ತೊಂದಿನ ಮುಂದೆ ಹೋಗ್ಲಿ."

"ಹೇಗೆ ಹೋಗ್ತಾರೆ ಅಕ್ಕಾ?" ಹೆಂಡತಿಯ ದನಿಯಲ್ಲಿ ಕೋಪವಿರಲಿಲ್ಲ. "ಅವರ ಗಾಡಿ ಜಾಗ ಬಿಟ್ಟರೆ ತಾನೇ ಅವರಿಗೆ ದಾರಿ."

ಅವಳು ಎದ್ದು ಹೊರಗೆ ಬಂದಳು. ಗೋಡೆಯ ನೆರಳಿನಲ್ಲಿ ಸತ್ತ ಕೋಳಿಗಳನ್ನು ಕಾಲು ಒಂದೇ ಕಡೆಗೆ ಮಾಡಿ ಸಾಲಾಗಿ ಜೋಡಿಸಿದ್ದರು. ಮಗಳು ಒದ್ದೆ ಬಟ್ಟೆಯಲ್ಲಿ ಖಾಲಿ ಬಕೆಟ್ ಹಿಡಿದು ಅದರ ಪಕ್ಕ ನಿಂತಿದ್ದಳು.

"ನೀರು ಮುಗೀತಮ್ಮ," ಎಂದಳು.

* * *

ಮಗಳಿಗೆ ಅಪ್ಪ ಎಂದರೆ ಕತ್ತಲೆ. ಚಿಕ್ಕವಳಿದ್ದಾಗ ಬೆಳಿಗ್ಗೆ ಎಚ್ಚರವಾದ ಕೂಡಲೇ ಕಿಟಕಿ ನೋಡುತ್ತಿದ್ದಳು. ಬೆಳಕಿದ್ದರೆ ಅಪ್ಪ ಬಂದಿಲ್ಲ. ಕೋಣೆ ಕತ್ತಲಾಗಿದ್ದರೆ ಕಿಟಕಿಗೆ ಅಡ್ಡವಾಗಿ ಲಾರಿ ನಿಂತಿದೆ, ಅಪ್ಪ ಬಂದಿದ್ದಾನೆ. ಹಾಸಿಗೆಯಿಂದ ಜಿಗಿದು ಓಡುತ್ತಿದ್ದಳು. ಅವಳು ಹಲ್ಲುಜ್ಜಿ ಬರುವಷ್ಟರಲ್ಲಿ ಕೋಣೆಗೆ ಬೆಳಕು ಬಂದುಬಿಟ್ಟಿರುತ್ತಿದ್ದ ದಿನಗಳೂ ಇದ್ದವು.

ಅವಳು ಹೈಸ್ಕೂಲಿನಲ್ಲಿದ್ದಾಗ ತಾಯಿಗೆ ಗರ್ಭಕೋಶದ ಆಪರೇಷನ್ ಆಯಿತು. ಧಣಿ ಅವರಿಬ್ಬರನ್ನೂ ಲಾರಿಯಲ್ಲೇ ಆಸ್ಪತ್ರೆಗೆ ಕರೆತಂದ. ಗೇಟಿನ ಮುಂದೆ ನಿಲ್ಲಿಸಿದರೆ ಹಿಂದಿನಿಂದ ವಾಹನಗಳು ಅರಚತೊಡಗಿದವು. ಹೆಂಡತಿ ಬಟ್ಟೆಯ ಚೀಲ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

"ನೀವು ಇಳಿಯಲ್ವಾ?"

"ಏಜೆಂಟ್ ಎರಡು ಸಲ ಫೋನ್ ಮಾಡ್ದ. ಇವತ್ತು ಬಿಟ್ರೆ ಆ ದಾರಿ ಬೇರೆಯವನಿಗೆ ಕೊಟ್ಬಿಡ್ತಾನೆ. ಸಂಜೆ ಬಂದುಬಿಡ್ತೀನಿ. ಬೈಯೋದಿದ್ರೆ ಆಗ ಬೈಯಿ."

"ನಿಮಗೆ ನೀವೇ ಧಣಿ ಅಲ್ವಾ? ಒಂದಿನ ರಜಾ ಕೊಟ್ಕೊಳ್ಳಿ."

ಅವನು ಸ್ಟೇರಿಂಗನ್ನೇ ನೋಡುತ್ತ ಕೂತ. ಹಿಂದಿನವನು ಮತ್ತೆ ಹಾರನ್ ಒತ್ತಿದ. ಅವನು ಗೇರ್ ಹಾಕಿದ.

ಬಂದಿದ್ದು ಹೊಲಿಗೆ ಬಿಚ್ಚಿದ ದಿನ. ಕೈಯಲ್ಲಿ ಒಂದು ಚೀಲ ಕಿತ್ತಳೆ ಇತ್ತು. ಸುಲಿದು ಒಂದೊಂದೇ ತೊಳೆ ಕೊಡುತ್ತ ಕೂತ. ಅವಳು ಬೈಯಲೂ ಇಲ್ಲ, ತಿನ್ನಲೂ ಇಲ್ಲ. ತೊಳೆಗಳು ಕಾಗದದ ಮೇಲೆ ಒಣಗಿದವು. ಆಮೇಲೆ ಅವಳು ಅವನನ್ನು ರಜೆ ಕೇಳಿದ್ದಿಲ್ಲ.

"ಹಳೇ ಮಾಲೀಕ ಆಗಿದ್ರೆ ಕಾಲಿಗಾದ್ರೂ ಬೀಳಬಹುದಿತ್ತು," ಎಂದು ಒಮ್ಮೆ ಮಗಳ ಹತ್ತಿರ ಹೇಳಿದ್ದಳು. "ಈ ಧಣಿ ಹತ್ರ ಯಾರು ಕೇಳ್ತಾರೆ? ಕೇಳೋಕೆ ಅವರಿಗೇ ಧೈರ್ಯ ಇಲ್ಲ."

* * *

ಹೆಂಡತಿ ಕುಪ್ಪಸದೊಳಗಿಂದ ಕೀಲಿ ತೆಗೆದು ಏಜೆಂಟನ ಕೈಗಲ್ಲ, ಹೊಸ ಡ್ರೈವರನ ಕೈಗೆ ಕೊಟ್ಟಳು.

"ಕೋಳಿಗೋಸ್ಕರ ಕೊಡ್ತಿದೀನಿ," ಎಂದಳು. "ಅವೇನು ಮಾಡಿವೆ ಪಾಪ."

ಅವನು ಇಪ್ಪತ್ತೈದು ದಾಟಿದವನಿರಬೇಕು. "ಹುಷಾರಾಗಿ ಓಡಿಸ್ತೀನಿ ಅಮ್ಮ," ಎಂದ. ಸೀಟಿನಲ್ಲಿ ಕೂತು ಕಾಲು ಎಟುಕದೆ ಸೀಟನ್ನು ಮುಂದಕ್ಕೆ ಎಳೆಯಲು ನೋಡಿದ. ಎಷ್ಟೋ ವರ್ಷದಿಂದ ಒಂದೇ ಕಡೆ ಇದ್ದ ಸೀಟು ಕದಲಲಿಲ್ಲ. ಬೆನ್ನಿಗೆ ದಿಂಬು ಇಟ್ಟುಕೊಂಡು ಕೀಲಿ ತಿರುಗಿಸಿದ. ಟಕ್ ಎಂದಿತು. ಮತ್ತೆ ತಿರುಗಿಸಿದ. ಟಕ್.

"ಸೆಲ್ಫ್ ಎತ್ತುತ್ತಿಲ್ಲ. ತಳ್ಳಬೇಕು," ಎಂದ ಕಿಟಕಿಯಿಂದ ತಲೆ ಹೊರಹಾಕಿ.

ಧಣಿಗೆ ಹೆಗಲು ಕೊಡಲು ಬಂದಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಹಾರನ್ ಹೋಗಿ ಲಾರಿಯ ಹಿಂದೆ ನಿಂತು ಅಂಗಿಯ ತೋಳು ಮಡಚಿದ. ಆಮೇಲೆ ಪಕ್ಕದ ಮನೆಯವನು, ಟೀ ಅಂಗಡಿಯವನು, ಉಳಿದವರು. ಕೊನೆಗೆ ಏಜೆಂಟ್ ಕೂಡ ಫೋನನ್ನು ಜೇಬಿಗೆ ಹಾಕಿ ಬಂದ. ಎಲ್ಲರೂ ಹೆಗಲು ಕೊಟ್ಟರು. ಓಣಿ ಇಳಿಜಾರಾದ್ದರಿಂದ ಲಾರಿ ನರಳಿ, ಕದಲಿ, ಓಣಿಯ ಇನ್ನೊಂದು ತುದಿಯತ್ತ ಉರುಳಿತು. ಹುಡುಗ ಕ್ಲಚ್ ಬಿಟ್ಟಾಗ ಎಂಜಿನ್ ಹತ್ತಿಕೊಂಡಿತು. ಕಪ್ಪು ಹೊಗೆ ತಳ್ಳಿದವರ ಮುಖದ ಮೇಲೆಲ್ಲ ಬಂತು.

ಸೋದರತ್ತೆ ಆಗ ಬಾಯಿಬಿಟ್ಟು ಅತ್ತಳು. "ತಮ್ಮಾ, ನಿನ್ನ ಗಾಡಿ ಹೋಯ್ತೋ."

ಲಾರಿ ಡೀಸೆಲ್ ಹಾಕಿಸಲು, ಕೋಳಿಗಳಿಗೆ ನೀರು ಹೊಡೆಸಲು ಪಂಪಿನ ಕಡೆ ತಿರುಗಿತು. ಏಜೆಂಟ್ ಅದರ ಹಿಂದೆಯೇ ಬೈಕ್ ಹತ್ತಿದ. ವ್ಯಾನು ಹಿಮ್ಮುಖವಾಗಿ ಮನೆಯ ಮುಂದಕ್ಕೆ ಬಂತು. ಧಣಿಯ ಮೈ ತೊಳೆದು, ಇಸ್ತ್ರಿ ಮಾಡಿಟ್ಟೂ ಎಂದೂ ತೊಡದಿದ್ದ ಬಿಳಿ ಅಂಗಿ ತೊಡಿಸಿದರು. ಗ್ರೀಸಿನ ಕಲೆ ಹತ್ತಿದ ಕೈಗಳೇ ಅವನನ್ನು ಎತ್ತಿದವು. ಅಂಗಿಯ ಮೇಲೆ ಬೆರಳಿನ ಗುರುತು ಮೂಡಿತು.

"ಇರ್ಲಿ ಬಿಡಿ," ಎಂದಳು ಹೆಂಡತಿ.

ವ್ಯಾನಿನ ಹಿಂಭಾಗದಲ್ಲಿ ಒಂದು ಪಕ್ಕಕ್ಕೆ ಹೆಂಡತಿ, ಇನ್ನೊಂದು ಪಕ್ಕಕ್ಕೆ ಮಗಳು ಮತ್ತು ಸೋದರತ್ತೆ ಕೂತರು. ಹಾರನ್ ಡ್ರೈವರನ ಪಕ್ಕ ಕೂತ. ಸ್ಮಶಾನ ಊರಾಚೆ ಇತ್ತು. ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದರಿಂದ ಡಾಂಬರು ಕಿತ್ತು ಬರೀ ಮಣ್ಣು ಉಳಿದಿತ್ತು. ವ್ಯಾನು ನಿಧಾನವಾಗಿ ಹೋಗುತ್ತಿತ್ತು.

"ಸ್ವಲ್ಪ ಮೆತ್ತಗೆ ಹೋಗಪ್ಪ," ಎಂದ ಹಾರನ್. "ಇವತ್ತು ಅವನಿಗೇನೂ ಅವಸರ ಇಲ್ಲ."

ಹಿಂದಿನಿಂದ ಗಾಡಿಯೊಂದರ ಹಾರನ್ ಕೇಳಿಸಿತು. ಉದ್ದಕ್ಕೆ ಒಂದು, ಗಿಡ್ಡಕ್ಕೆ ಎರಡು, ಒಡಕು ದನಿ.

"ಓ, ನಮ್ ಧಣಿ ಬಂ..." ಎಂದ ಹಾರನ್ ತಟ್ಟನೆ ಬಾಯಿ ಮುಚ್ಚಿಕೊಂಡ.

ಮಗಳು ಹಿಂದಿನ ಗಾಜಿನಲ್ಲಿ ನೋಡಿದಳು. ಹಸಿರು ಲಾರಿ. ಅದು ವ್ಯಾನಿನ ಹಿಂದೆ ಅಷ್ಟು ದೂರ ತಾಳ್ಮೆಯಿಂದಲೇ ಬಂತು. ಆಮೇಲೆ ಬಲಕ್ಕೆ ಮೂಗು ಹಾಕಿ ಮತ್ತೆ ಹಾರನ್ ಮಾಡಿತು.

"ಯಾರೋ ಅವಸರದಲ್ಲಿದಾರೆ," ಎಂದ ವ್ಯಾನಿನವನು. ಆ ಲಾರಿ ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ಕನ್ನಡಿ ನೋಡಿ, ಎಡಕ್ಕೆ ಸರಿದು, ಕೈ ಹೊರಗೆ ಹಾಕಿ ಹೋಗೆಂದು ಸನ್ನೆ ಮಾಡಿದ. ಯಾರೂ ಅವನನ್ನು ತಡೆಯಲಿಲ್ಲ.

ಲಾರಿ ಪಕ್ಕಕ್ಕೆ ಬಂತು. ವ್ಯಾನಿನ ಕಿಟಕಿಯ ಉದ್ದಕ್ಕೂ ಪಂಜರಗಳು ಒಂದರ ಹಿಂದೊಂದು ದಾಟಿದವು. ಮುಂದೆ ಹೋದ ಮೇಲೆ ಹೊಸ ಡ್ರೈವರನ ಕೈ ಕಿಟಕಿಯಿಂದ ಹೊರಗೆ ಬಂದು, ದಾರಿ ಬಿಟ್ಟವನಿಗೆ ಎಲ್ಲ ಡ್ರೈವರುಗಳೂ ಮಾಡುವ ಹಾಗೆ, ಒಮ್ಮೆ ಮೇಲಕ್ಕೆದ್ದು ಒಳಗೆ ಹೋಯಿತು.

ಅದು ಎಬ್ಬಿಸಿದ ದೂಳು ವ್ಯಾನಿನೊಳಗೆ ನುಗ್ಗಿತು. ಮಗಳು ಕಿಟಕಿಯ ಗಾಜು ಎಳೆದಳು. ಅದು ಅರ್ಧಕ್ಕೇ ನಿಂತಿತು. ಹೆಂಡತಿ ಬಗ್ಗಿ, ಅವನ ಹಣೆ, ರೆಪ್ಪೆ, ಮೀಸೆಯ ಮೇಲೆ ಕೂತ ದೂಳನ್ನು ಅಂಗೈಯಿಂದ ಒರೆಸತೊಡಗಿದಳು. ಒರೆಸಿದಷ್ಟೂ ಅದು ಬಂದು ಕೂರುತ್ತಲೇ ಇತ್ತು.