ಕೂಗ್ರಿಯ ಅಂಗಿ

"ಬಗ್ಗು. ಇನ್ನೂ ಬಗ್ಗು. ಅವನ ಬೆನ್ನೇನು ನಿನ್ನ ಹಾಗೆ ಒನಕೆ ಥರ ನೆಟ್ಟಗಿತ್ತಾ?"

ಅತ್ತೆ ತೀಬೊ ಬೈಯುತ್ತಲೇ ಸತ್ತ ಗಂಡನ ಪಟ್ಟೆಪಟ್ಟೆ ಅಂಗಿಯನ್ನು ಸೊಸೆ ತಲಾತುವಿನ ತಲೆಯ ಮೇಲಿಂದ ಇಳಿಸಿದಳು. ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆದು, ಬಾಯಿಗೆ ಅವನ ಚಿಲುಮೆ ತುರುಕಿದಳು. ಅಂಗಿಯಲ್ಲಿ ಇನ್ನೂ ಮಾವನ ಹೊಗೆಸೊಪ್ಪಿನ ವಾಸನೆ ಇತ್ತು. ತಲಾತುವಿಗೆ ಅಳು ಬಂತು.

"ಅಳಬೇಡ. ಅವನು ಎಂದೂ ಅತ್ತವನಲ್ಲ," ಎಂದಳು ಅತ್ತೆ.

ಮುದುಕ ಕೂಗ್ರಿಯನ್ನು ಮಣ್ಣು ಮಾಡಿದ್ದು ಮಳೆಗಾಲದಲ್ಲಿ. ಆದರೆ ನಮ್ಮ ಮೋಸಿ ಜನರಲ್ಲಿ ಸಾವಿನ ದೊಡ್ಡ ದಿನ ಬರುವುದು ಸುಗ್ಗಿ ಮುಗಿದು, ಕಣಜ ತುಂಬಿ, ಜೋಳದ ಹೆಂಡ ಹುಳಿ ಬಂದ ಮೇಲೆ. ಅಂದು ಮನೆಯ ಸೊಸೆಯೊಬ್ಬಳು ಸತ್ತವನ ಬಟ್ಟೆ ತೊಟ್ಟು ಅವನಂತೆ ನಡೆಯಬೇಕು, ಅವನಂತೆ ಮಾತಾಡಬೇಕು. ಬಟ್ಟೆ ಕಳಚುವವರೆಗೆ ಅವಳೇ ಅವನು. ಮಕ್ಕಳು ಅಪ್ಪ ಅನ್ನುತ್ತಾರೆ, ಹೆಂಡತಿ ಗಂಡ ಅನ್ನುತ್ತಾಳೆ. ಅವನು ಆಡದ ಮಾತನ್ನು ಅವನ ಬಾಯಲ್ಲಿ ಆಡಿಸಿದರೆ ಸತ್ತವನು ದಾರಿಯಲ್ಲೇ ನಿಂತುಬಿಡುತ್ತಾನೆ ಎಂದು ತಲಾತುವಿನ ಅಜ್ಜಿ ಹೆದರಿಸುತ್ತಿದ್ದಳು.

ಅವಳು ಮಾವನಂತೆ ಎಡಗಾಲು ಎಳೆಯುತ್ತ ಅಂಗಳಕ್ಕೆ ಬಂದಳು. ನೇರವಾಗಿ ಕಣಜದ ಹತ್ತಿರ ಹೋಗಿ, ಮಾಡಿನ ಹುಲ್ಲುಹಗ್ಗದ ಗಂಟನ್ನು ಜಗ್ಗಿ, ಲೊಚಗುಟ್ಟಿ ಪಕ್ಕಕ್ಕೆ ಉಗಿದಳು.

"ಇದನ್ನ ಕಟ್ಟಿದ್ದು ಯಾರು? ಮೇಕೆಯಾ?"

ಅಂಗಳಕ್ಕೆ ಅಂಗಳವೇ ಹೋ ಎಂದಿತು. ಕೂಗ್ರಿ ಸುತ್ತಲ ಊರುಗಳ ಕಣಜಗಳಿಗೆಲ್ಲ ಹುಲ್ಲಿನ ಮಾಡು ಕಟ್ಟಿದವನು. ಬೇರೆಯವರು ಕಟ್ಟಿದ ಗಂಟನ್ನು ಜಗ್ಗಿ ನೋಡದೆ ಮುಂದೆ ಹೋದವನಲ್ಲ. ಮದುವೆಮನೆಗೆ ಹೋದರೂ ಅಷ್ಟೇ, ಮೊದಲು ಕಣಜ, ಆಮೇಲೆ ಮದುಮಕ್ಕಳು.

"ಲೋ ಕೂಗ್ರಿ! ಸತ್ತರೂ ನಿನ್ನ ಕೊಂಕು ಬಿಡಲಿಲ್ಲವಲ್ಲೋ!" ಎಂದು ಹೆಂಡದ ಸೋರೆಬುರುಡೆ ಎತ್ತಿ ಕೂಗಿದವನು ಮುದುಕ ಪಾರೆ. ಅವನು ಸಾಮೊ ಕುಲದವನು. ಸಾಮೊಗಳಿಗೂ ನಮಗೂ ಮುತ್ತಜ್ಜಂದಿರ ಕಾಲದಿಂದ ಗೇಲಿಯ ನೆಂಟಸ್ತಿಕೆ. ಸಾವಿನ ಮನೆಯಲ್ಲೂ ಅವರು ಏನು ಬೈದರೂ ಸಿಟ್ಟಾಗುವಂತಿಲ್ಲ.

"ನಾಯಿತಲೆ ತಿನ್ನೋನೇ, ನಿನಗೆ ಹೆಂಡ ಕೊಟ್ಟವರು ಯಾರೋ?" ಎಂದಳು ತಲಾತು, ಮಾವನ ಕರಕಲು ದನಿಯಲ್ಲಿ.

"ನಿನ್ನ ಗೋರಿ ಮೇಲೆ ಕತ್ತೆ ಕಟ್ತೀನಿ, ತಾಳು," ಎಂದು ಪಾರೆ ನಕ್ಕ. ಆಮೇಲೆ ಅವನ ದನಿ ಇಳಿಯಿತು. "ಅದಿರಲಿ. ಹೊರಗೆ ಬೇವಿನ ಮರದ ಕೆಳಗೆ ನಿನ್ನ ಮಗಳು ನೋಪೊಕೊ ಬೆಳಗಿಂದ ಕೂತಿದ್ದಾಳೆ. ಕರೀತೀಯೋ, ಹಾಗೇ ಕಳಿಸ್ತೀಯೋ?"

ಎಷ್ಟೋ ವರ್ಷಗಳಿಂದ ಆ ಹಟ್ಟಿಯಲ್ಲಿ ಯಾರೂ ಆಡದ ಹೆಸರು ಅದು.

ಕೂಗ್ರಿಯ ತಮ್ಮ ಸಿಬಿರಿ ಎದ್ದ. ಈಗ ಮನೆಗೆ ಅವನೇ ಯಜಮಾನ. "ಗೇಲಿ ಸಾಕು, ಪಾರೆ. ಅಣ್ಣ ಬೇಡ ಅಂದ್ಮೇಲೆ ಬೇಡ. ಸಂಜೆ ಕುದುಗು ಪಟ್ಟಣಕ್ಕೆ ಬಸ್ಸಿದೆ, ಹೋಗ್ತಾಳೆ."

ತೀಬೊ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಬಾಗಿಲ ಕಡೆಗಿತ್ತು. ಸಂಜೆ ಅಂಗಿ ಕಳಚಿದರೆ ಮುಗಿಯಿತು. ಆಮೇಲೆ ಕೂಗ್ರಿಯ ಮಾತನ್ನು ಹಿಂದಕ್ಕೆ ತೆಗೆಯುವ ಬಾಯಿ ಲೋಕದಲ್ಲೇ ಇರುವುದಿಲ್ಲ. ತೀಬೊ ಸತ್ತರೂ ಮಗಳು ಆ ಬೇವಿನ ಮರದ ಕೆಳಗೇ ಕೂರಬೇಕು.

*

ತಲಾತುವಿನ ಮದುವೆ ಕೊಟ್ಟು ತರುವ ಸಂಬಂಧವಾಗಿತ್ತು. ತಲಾತುವಿನ ಅಪ್ಪ ಗೆಳೆಯ ಕೂಗ್ರಿಯ ಮಗನಿಗೆ ತಲಾತುವನ್ನು ಕೊಟ್ಟ. ಕೂಗ್ರಿ ತನ್ನ ಮಗಳು ನೋಪೊಕೊಳನ್ನು ತಲಾತುವಿನ ಅಣ್ಣನಿಗೆ ಕೊಡಬೇಕಿತ್ತು. ಹೊರಡುವ ಹಿಂದಿನ ದಿನ ಹುಡುಗಿ ಕುದುಗುವಿನ ಗಾರೆಯವನೊಬ್ಬನ ಸೈಕಲ್ ಹತ್ತಿ ಹೋದಳು.

ಕೂಗ್ರಿ ತಲಾತುವಿನ ತವರಿಗೆ ಹೋಗಿ, ಬಾಗಿಲ ಧೂಳಿನಲ್ಲಿ ಕೂತ. ಅವರು ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಮರಳಿ ಬಂದವನು ತಲಾತುವಿನ ಮುಂದೆ ನಿಂತು, "ನಿನ್ನ ಮುಖ ನೋಡೋಕೆ ನಾಚಿಕೆ ಆಗುತ್ತೆ ಕಣಮ್ಮ," ಎಂದ. ಮಾವ ಸೊಸೆಯ ಮುಂದೆ ತಲೆ ತಗ್ಗಿಸಿದ್ದನ್ನು ಊರು ಅದೇ ಮೊದಲು ಕಂಡಿತು.

ಅಂದಿನಿಂದ ಅವನು ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡ. ಅವಳ ಗುಡಿಸಲಿನ ಮಾಡಿಗೆ ವರ್ಷವರ್ಷವೂ ಹೊಸ ಹುಲ್ಲು. ಗಂಡ ಕೈಯೆತ್ತಿದ ದಿನ ಮಗನನ್ನೇ ಹೊಲದಲ್ಲಿ ಮಲಗಿಸಿದ. ಹೆಂಗಸರಿಗೆ ಹೇಳಿಕೊಡದ ಗಂಟುಗಳನ್ನೂ ಅವಳಿಗೆ ಕಲಿಸಿದ. ಮಗಳ ವಿಷಯದಲ್ಲಿ ಮಾತ್ರ ಕಲ್ಲು. ನಮ್ಮ ಮಾತಿನಲ್ಲಿ ಕೂಗ್ರಿ ಎಂದರೂ ಕಲ್ಲೇ. ಹೆಸರಿಟ್ಟವರ ನಾಲಿಗೆಯ ಮೇಲೆ ಮಚ್ಚೆ ಇತ್ತೇನೋ.

ಕೊನೆಯ ದಿನಗಳಲ್ಲಿ ಅವನಿಗೆ ಗಂಜಿ ಕುಡಿಸುತ್ತ ತಲಾತು ಕೇಳಿದ್ದಳು: "ಮಾವ, ನೋಪೊಕೊಗೆ ಹೇಳಿಕಳಿಸಲಾ?"

"ಬೇಡ."

"ಅತ್ತೆ ಒಳಗೊಳಗೇ ಕೊರಗ್ತಾರೆ."

"ಅವಳು ಮೋಸ ಮಾಡಿದ್ದು ನಿನ್ನ ಮನೆಗೆ. ನೀನಿರೋ ಹಟ್ಟಿಗೆ ಅವಳು ಕಾಲಿಡಬಾರದು. ನಾನು ಸತ್ತ ಮೇಲೂ."

ಗುಡಿಸಲಿನಲ್ಲಿ ಬೇರೆ ಯಾರೂ ಇರಲಿಲ್ಲ. ನನಗೆ ಅವಳ ಮೇಲೆ ಸಿಟ್ಟಿಲ್ಲ ಮಾವ, ಅನ್ನಬೇಕೆಂದು ತಲಾತು ಬಾಯಿ ತೆರೆದಳು. ಆದರೆ ತನಗಾಗಿ ಒಬ್ಬರು ಇಷ್ಟು ಗಟ್ಟಿಯಾಗಿ ನಿಂತದ್ದು ಅವಳ ಜೀವನದಲ್ಲಿ ಅದೊಂದೇ. ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಬಾಯಿ ಮುಚ್ಚಿಕೊಂಡು ಗಂಜಿ ಕುಡಿಸಿದಳು.

*

"ಕೊನೇಲಿ ಏನಂದೆ ಅನ್ನೋದು ನಿನಗೇ ಗೊತ್ತು," ಎಂದ ಸಿಬಿರಿ ಅಂಗಳದ ನಡುವೆ ನಿಂತು. "ನೀನೇ ಹೇಳಿಬಿಡು, ಅಣ್ಣಾ. ಈ ಜನದ ಬಾಯಿ ಮುಚ್ಚಲಿ."

ಎಲ್ಲರೂ ಅವಳನ್ನೇ ನೋಡಿದರು. ಬೇಡ ಎಂದರೆ ಸಾಕಾಗಿತ್ತು. ಅದು ಸತ್ಯ, ಮಾವನದೇ ಮಾತು, ಅವಳಿಗಾಗಿಯೇ ಆಡಿದ ಮಾತು. ಜನ್ಮ ಕೊಟ್ಟ ಅಪ್ಪನಿಗಿಂತ ಹೆಚ್ಚಾಗಿ ಸಾಕಿದವನನ್ನು ಸತ್ತ ಮೇಲೆ ಸುಳ್ಳಾಗಿಸುವುದು ಹೇಗೆ? ಅವನು ನಿಜಕ್ಕೂ ದಾರಿಯಲ್ಲಿ ನಿಂತುಬಿಟ್ಟರೆ?

ಗೋಡೆಗೆ ಒರಗಿದ್ದ ಅತ್ತೆ ಇನ್ನೂ ಬಾಗಿಲನ್ನೇ ನೋಡುತ್ತಿದ್ದಳು.

ತಲಾತು ಎಡಗಾಲು ಎಳೆಯುತ್ತ ಹಟ್ಟಿಯ ಬಾಗಿಲಿಗೆ ನಡೆದಳು. ಹೊರಗೆ ಧೂಳುಗಾಳಿ ಬೀಸುತ್ತಿತ್ತು. ಬೇವಿನ ಕೆಳಗಿಂದ ಹೆಂಗಸೊಬ್ಬಳು ತಲೆಯೆತ್ತಿದಳು. ಆಗಲೇ ಕೂದಲು ನರೆತಿತ್ತು.

"ನೋಪೊಕೊ. ಒಳಗೆ ಬಾ."

ಹಿಂದಿನಿಂದ ಸಿಬಿರಿಯ ದನಿ ಬಂತು. "ಅಣ್ಣಾ, ಇದು ನಿನ್ನ ಮಾತೇನಾ?"

ತಲಾತು ತಿರುಗಿ, ಬಾಯಿಂದ ಚಿಲುಮೆ ತೆಗೆದು, ಸಿಬಿರಿಯನ್ನು ಕಾಲಿಂದ ತಲೆಯವರೆಗೆ ನೋಡಿದಳು.

"ನಾನು ಒಂದು ಮಾತನ್ನ ಎರಡು ಸಲ ಹೇಳಿದ್ದನ್ನ ನೀನು ಯಾವತ್ತು ನೋಡಿದ್ದೀಯೋ, ಸಿಬಿರಿ?"

ಅದೇ ಕರಕಲು, ಅದೇ ಉರಿ. ಸಿಬಿರಿ ಚಿಕ್ಕಂದಿನಿಂದ ಹೆದರಿದ ದನಿ ಅದು. ಅವನು ಕುಕ್ಕರಗಾಲಲ್ಲಿ ಕೂತು, ತಮ್ಮನಾದವನು ಅಣ್ಣನೆದುರು ಮಾಡುವಂತೆ ನೆಲ ಮುಟ್ಟಿದ. ಪಾರೆ ಹೆಂಡದ ಬುರುಡೆಯಲ್ಲಿ ಮುಖ ಮುಚ್ಚಿಕೊಂಡ.

ತೀಬೊ ಗೋಡೆ ಹಿಡಿದು ಹಿಡಿದು ಹತ್ತಿರ ಬಂದಳು. ಕೊರಳಪಟ್ಟಿ ಸರಿಮಾಡುವ ನೆಪದಲ್ಲಿ ಬಾಗಿ ಪಿಸುಗುಟ್ಟಿದಳು. "ಇಷ್ಟು ವರ್ಷ ನಿನ್ನ ಜೊತೆ ಬಾಳಿದೆ. ಹಿಂಗೆ ಮಾತಾಡೋನೇ ಅಲ್ಲ ನೀನು. ಇವತ್ತು ಒಳ್ಳೆ ಗಂಡನಾದೆ ಕಣಯ್ಯಾ."

ತಲಾತುವಿಗೆ ಅತ್ತೆಯ ಕಣ್ಣಲ್ಲಿ ಕಣ್ಣಿಡಲು ಆಗಲಿಲ್ಲ.

ನೋಪೊಕೊ ಬಾಗಿಲು ದಾಟಿ ಬಂದು, ಅಪ್ಪನ ಮುಂದೆ ಮಗಳು ಕೂರುವಂತೆ ಮಂಡಿಯೂರಿದಳು. ತಲೆ ಬಾಗಿಸಿದವಳ ಕಣ್ಣಿಗೆ ಬಿದ್ದದ್ದು ಅಪ್ಪನ ಟೈರಿನ ಚಪ್ಪಲಿ. ಅಷ್ಟು ದೊಡ್ಡ ಚಪ್ಪಲಿಯೊಳಗೆ ಹೆಂಗಸಿನ ಎರಡು ಪುಟ್ಟ ಪಾದಗಳು ತರತರ ನಡುಗುತ್ತಿದ್ದವು. ಅವಳು ಒಂದು ಗಳಿಗೆ ಅವನ್ನೇ ನೋಡಿದಳು.

"ಅಪ್ಪಾ," ಎಂದು ಎಲ್ಲರಿಗೂ ಕೇಳುವಂತೆ ಕರೆದು, ಇನ್ನಷ್ಟು ಬಾಗಿ, ನಡುಕ ಯಾರ ಕಣ್ಣಿಗೂ ಬೀಳದ ಹಾಗೆ ಆ ಪಾದಗಳನ್ನು ಎರಡೂ ಕೈಗಳಿಂದ ಮುಚ್ಚಿ ಹಿಡಿದಳು.