ಕೆಲಸ ಬಲ್ಲ ಇಬ್ಬರು

“ಹಾಜಿಯವರ ನಂಬರ್ ಎಲ್ಲಿ ಉಂಟು ಇದರಲ್ಲಿ?” ಎಂದು ಬೀಪಾತುಮ್ಮ ಮಗಳ ಕೆಲಸದ ಅರ್ಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದಳು. ಇಂಗ್ಲಿಷ್ ಅವಳಿಗೆ ಓದಲು ಬಾರದು. ಆದರೆ ಕೊನೆಯಲ್ಲಿ ಮೂರು ಏಳು ಬರುವ ಮೊಯಿನುದ್ದೀನ್ ಹಾಜಿಯವರ ನಂಬರು ಎಂಥ ಕಾಗದದಲ್ಲಿದ್ದರೂ ಅವಳ ಕಣ್ಣು ತಪ್ಪಿಸುವ ಹಾಗಿಲ್ಲ.

“ಬರೆಯಲಿಲ್ಲ ಉಮ್ಮ,” ಎಂದಳು ಫೌಝಿಯಾ.

“ಮರೆತದ್ದಾ?”

“ಮರೆತದ್ದಲ್ಲ. ಬೇಡ ಅಂತ ಬಿಟ್ಟದ್ದು.”

ಬೀಪಾತುಮ್ಮ ಕಾಗದವನ್ನು ಮಡಿಲಲ್ಲಿಟ್ಟು ಮಗಳ ಮುಖ ನೋಡಿದಳು. ಬದಿಯಡ್ಕದ ಸುತ್ತಮುತ್ತ ಕೆಲಸಕ್ಕೆ ಅರ್ಜಿ ಹಾಕುವವರಲ್ಲಿ ಹಾಜಿಯವರನ್ನು ಬೇಡವೆಂದವರನ್ನು ಅವಳು ಈವರೆಗೆ ಕಂಡಿರಲಿಲ್ಲ. ಪೇಟೆಯ ದೊಡ್ಡ ಬಟ್ಟೆಯಂಗಡಿ ಅವರದು, ಮಸೀದಿಯ ಕಮಿಟಿಯಲ್ಲೂ ಅವರೇ. ನಿಮ್ಮನ್ನು ಬಲ್ಲವರು ಯಾರೆಂದು ಯಾವ ಅರ್ಜಿ ಕೇಳಿದರೂ ಜನ ಅವರ ಹೆಸರು ಬರೆದು ಪೆನ್ನು ಕೆಳಗಿಡುತ್ತಿದ್ದರು. ಅವರೂ ಒಬ್ಬರಿಗೂ ಇಲ್ಲವೆಂದವರಲ್ಲ. ಫೋನ್ ಬಂದರೆ ಯಾರ ವಿಷಯವೆಂದು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಹೊಗಳಿ ಮುಗಿಸಿಬಿಡುತ್ತಿದ್ದರು. ಕಳೆದ ವರ್ಷ ಪಕ್ಕದ ಮನೆಯ ರಂಶೀನಾ ನರ್ಸ್ ಕೆಲಸಕ್ಕೆ ಹೋದಾಗ, “ಒಳ್ಳೆ ಹುಡುಗ, ಬೀಡಿ ಸಿಗರೇಟು ಎಂತದೂ ಇಲ್ಲ” ಎಂದಿದ್ದರಂತೆ. ರಂಶೀನಾಗೆ ಕೆಲಸವೇನೋ ಸಿಕ್ಕಿತು. ಅದು ಹಾಜಿಯವರ ಒಂದು ಮಾತಿನಿಂದ ಸಿಕ್ಕಿದ್ದೆಂದು ಅವಳ ತಾಯಿ ಇಂದಿಗೂ ಹೇಳಿಕೊಂಡು ತಿರುಗುತ್ತಾಳೆ.

“ನನ್ನ ಕೆಲಸ ಬಲ್ಲ ಇಬ್ಬರು ಅಂತ ಕೇಳಿದ್ದಾರೆ ಉಮ್ಮ. ಹಾಜಿಯವರಿಗೆ ಗೊತ್ತಿದ್ದದ್ದು ಉಪ್ಪನನ್ನು, ಅವರ ಮಗಳನ್ನಲ್ಲ. ನನ್ನ ಕೆಲಸ ಎಂತ ಗೊತ್ತುಂಟು ಅವರಿಗೆ?”

“ಮತ್ತೆ ಯಾರನ್ನು ಹಾಕಿದ್ದು?”

“ಒಬ್ಬರು ಕಾಲೇಜಿನ ಶ್ರೀರಂಜಿನಿ ಟೀಚರ್. ಇನ್ನೊಬ್ಬರು ಲ್ಯಾಬಿನ ನಿಸಾರಾಕ.”

“ಯಾ ಅಲ್ಲಾ! ತಲೆ ಸಮ ಉಂಟಾ ಮೋಳೇ ನಿನಗೆ? ನಿನ್ನ ಅನ್ನಕ್ಕೆ ಕಲ್ಲು ಹಾಕುವವನ ಹೆಸರು ನೀನೇ ಬರೆದು ಕೊಡುವುದಾ?”

ಉಮ್ಮನ ಗಾಬರಿಯಲ್ಲಿ ತಪ್ಪೇನೂ ಇರಲಿಲ್ಲ. ಬದಿಯಡ್ಕ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ನಿಸಾರನ ಲ್ಯಾಬಿನಲ್ಲಿ ಫೌಝಿಯಾ ಒಂಬತ್ತು ವರ್ಷ ರಕ್ತ ಪರೀಕ್ಷೆ ಮಾಡಿದವಳು. ಬೆಳಿಗ್ಗೆ ಮೆಷಿನ್ ಶುರು ಮಾಡಿದ ಕೂಡಲೇ ಮೊದಲು ಕಂಟ್ರೋಲ್ ಹಾಕಬೇಕು. ಎಷ್ಟು ಸಕ್ಕರೆ ಇದೆಯೆಂದು ಮೊದಲೇ ಗೊತ್ತಿರುವ ದ್ರವ ಅದು. ಮೆಷಿನ್ ಅಷ್ಟನ್ನೇ ತೋರಿಸಿದರೆ ಮಾತ್ರ ಜನರ ರಕ್ತ ಇಡಬಹುದು. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಬೆಳ್ಳೂರಿನಿಂದ, ನೆಕ್ರಾಜೆಯಿಂದ ಖಾಲಿ ಹೊಟ್ಟೆಯಲ್ಲಿ ಜೀಪು ಹತ್ತಿ ಬಂದವರು ಬೆಂಚಿನಲ್ಲಿ ಕೂತು ಗೊಣಗುವಾಗ ನಿಸಾರನಿಗೆ ಮೈಯೆಲ್ಲ ಉರಿ. “ವಾರಕ್ಕೊಮ್ಮೆ ಹಾಕಿದರೆ ಸಾಕು” ಎನ್ನುತ್ತಿದ್ದ. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಎಂಟು ತಿಂಗಳ ಹಿಂದೆ ಒಂದು ಸೋಮವಾರ ಕಂಟ್ರೋಲಿನ ಲೆಕ್ಕ ತಪ್ಪಿತು. ಇನ್ನೊಮ್ಮೆ ಹಾಕಿದರೂ ತಪ್ಪಿತು. ಬೆಂಚಿನಲ್ಲಿದ್ದ ಹದಿನಾಲ್ಕು ಮಂದಿಗೂ ಇವತ್ತು ಪರೀಕ್ಷೆ ಇಲ್ಲ, ಹೋಗಿ ತಿಂಡಿ ತಿನ್ನಿ ಎಂದು ಹೇಳಿ ಅವಳು ಕಳುಹಿಸಿಬಿಟ್ಟಳು. “ರಿಪೋರ್ಟ್ ಕೊಡು, ಇಲ್ಲದಿದ್ರೆ ಕೀ ಕೊಡು” ಎಂದು ನಿಸಾರ ಎಲ್ಲರ ಎದುರು ಕೂಗಿದ. ಅವಳು ಕೀ ಕೊಟ್ಟಳು. ಅನುಭವದ ಸರ್ಟಿಫಿಕೇಟು ಕೇಳಿದಾಗ, ತಪ್ಪಾಯಿತೆಂದು ಹೇಳಿದರೆ ಕೊಡುತ್ತೇನೆಂದ. ಹಾಗೆ ಹೇಳಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಈಗ ಕಾಸರಗೋಡಿನ ಆಸ್ಪತ್ರೆಯವರು ಐದು ವರ್ಷದ ಅನುಭವ ಕೇಳುತ್ತಿದ್ದರು. ಅವಳ ಒಂಬತ್ತು ವರ್ಷಕ್ಕೆ ನಿಸಾರನ ಬಾಯಿ ಬಿಟ್ಟರೆ ಬೇರೆ ಸಾಕ್ಷಿಯೇ ಇರಲಿಲ್ಲ.

“ಅವನು ಹಾಜಿಯವರ ತಂಗಿಯ ಮಗ ಅಲ್ವಾ? ಅವರಿಂದ ಒಂದು ಮಾತು ಹೇಳಿಸುವ,” ಎಂದಳು ಬೀಪಾತುಮ್ಮ.

“ಬೇಡ. ನೀವು ಆ ಕಡೆ ಹೋಗ್ಲೇಬೇಡಿ.”

ಕೇಳದೆ ಯಾರ ಹೆಸರನ್ನೂ ಹಾಕಬಾರದು, ಮೊದಲೇ ತಿಳಿಸಿರಬೇಕು ಎಂದು ಶ್ರೀರಂಜಿನಿ ಟೀಚರ್ ಹೇಳಿದ್ದರು. ಫೌಝಿಯಾ ಉಮ್ಮನ ಎದುರೇ ನಿಸಾರನಿಗೆ ಫೋನ್ ಮಾಡಿದಳು. ಎಂಟು ತಿಂಗಳಲ್ಲಿ ಮೊದಲ ಸಲ.

“ನಿಸಾರಾಕ, ಕಾಸರಗೋಡಿನ ಆಸ್ಪತ್ರೆಯ ಲ್ಯಾಬಿಗೆ ಅರ್ಜಿ ಹಾಕ್ತಾ ಇದ್ದೇನೆ. ನಿಮ್ಮ ಹೆಸರು ಕೊಟ್ಟಿದ್ದೇನೆ. ಅವರು ನಿಮಗೆ ಫೋನ್ ಮಾಡಿಯಾರು.”

“ನಾನು ಎಂತ ಹೇಳ್ತೇನೆ ಅಂತ ಗೊತ್ತುಂಟಾ ನಿನಗೆ?”

“ಗೊತ್ತುಂಟು. ಅದನ್ನೇ ಹೇಳಿ. ಒಂದೂ ಬಿಡ್ಬೇಡಿ.”

ಫೋನ್ ಇಟ್ಟ ಮೇಲೆ ಅವಳಿಗೆ ಅಂದು ಸಂತೋಷವಾಯಿತು, ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಉಂಡಳು.

ಹತ್ತು ದಿನ ಕಳೆದು ಇಂಟರ್‌ವ್ಯೂಗೆ ಕರೆ ಬಂತು. ಮೇಜಿನ ಆಚೆ ಇಬ್ಬರಿದ್ದರು. ಆಫೀಸಿನ ಪ್ರವೀತ್, ಮತ್ತು ಲ್ಯಾಬಿನ ಮುಖ್ಯಸ್ಥೆ ಈಶ್ವರಿ. ಈಶ್ವರಿ ಐವತ್ತು ದಾಟಿದ ಹೆಂಗಸು, ನಗುವ ಜಾತಿಯಲ್ಲ. ಕೆಲಸದ ಬಗ್ಗೆ ನಾಲ್ಕಾರು ಪ್ರಶ್ನೆ ಕೇಳಿ ಮುಗಿಸಿ, “ಒಂಬತ್ತು ವರ್ಷ ಅಂತ ಬರೆದಿದ್ದೀರಿ. ಸರ್ಟಿಫಿಕೇಟ್ ಇಲ್ಲ. ಯಾಕೆ ಬಿಟ್ಟದ್ದು ಅಲ್ಲಿಂದ?” ಎಂದರು.

“ಅವರನ್ನೇ ಕೇಳಿ ಮೇಡಂ. ನಾನು ಹೇಳಿದ್ರೆ ನನ್ನ ಮೂಗಿನ ನೇರಕ್ಕೆ ಹೇಳಿದ ಹಾಗೆ ಆಗ್ತದೆ.”

ಪ್ರವೀತ್ ಅರ್ಜಿ ನೋಡಿಕೊಂಡು ನಂಬರ್ ಒತ್ತಿ, ಮೂವರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ನಡುವೆ ಇಟ್ಟ. ಫೌಝಿಯಾ ಕುರ್ಚಿಯ ತುದಿಗೆ ಸರಿದಳು. ಬರಲಿ ಬೈಗುಳ, ಎಂದು ಮನಸ್ಸಿನಲ್ಲೇ ಸೆರಗು ಬಿಗಿದುಕೊಂಡಳು.

“ಫೌಝಿಯಾನಾ?” ಎಂದಿತು ನಿಸಾರನ ಧ್ವನಿ, ಬೆಣ್ಣೆಯಷ್ಟು ಮೆತ್ತಗೆ. “ತುಂಬ ಒಳ್ಳೆ ಹುಡುಗಿ ಸಾರ್. ಒಳ್ಳೆ ಮನೆತನ. ಒಂಬತ್ತು ವರ್ಷ ನಮ್ಮಲ್ಲೇ ಇದ್ದದ್ದು. ಒಂದು ದಿನ ಎದುರು ಮಾತಾಡಿದವಳಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡ್ತಾಳೆ. ಮನೆಯಲ್ಲಿ ಎಂತದೋ ತಾಪತ್ರಯ, ಹಾಗೆ ಬಿಟ್ಟದ್ದು. ಬೇಕಾದ್ರೆ ನಮ್ಮ ಹಾಜಿ ಮಾವನ ಹತ್ರವೂ ಕೇಳಿ.”

ಕಳೆದ ಶುಕ್ರವಾರ ಉಮ್ಮ ಹೊಸ ಬುರ್ಖಾ ಹಾಕಿಕೊಂಡು “ಇಲ್ಲೇ ಹೋಗಿ ಬರ್ತೇನೆ” ಎಂದು ಹೊರಟದ್ದು ಎಲ್ಲಿಗೆಂದು ಫೌಝಿಯಾಗೆ ಆಗ ತಿಳಿಯಿತು.

ಪ್ರವೀತನ ಮುಖ ಅರಳಿತು. ಅವನು ಇಂಟರ್‌ವ್ಯೂ ಕಾಗದದಲ್ಲಿ ಗುರುತು ಹಾಕತೊಡಗಿದ. ಅವಳು ಬಾಯಿ ಮುಚ್ಚಿ ಕೂತಿದ್ದರೆ ಸಾಕಿತ್ತು. ಒಂಬತ್ತು ವರ್ಷಕ್ಕೆ ಸಾಕ್ಷಿ ಸಿಕ್ಕಿತ್ತು, ಕೆಲಸ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಆದರೆ ಅವಳಿಗೆ ಬಂದದ್ದು ಎಲ್ಲಿಲ್ಲದ ಸಿಟ್ಟು. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷಕ್ಕಾಗಿ ಇವನ ಜೊತೆ ಜಗಳವಾಡಿದವಳು ಅವಳು. ಇವನು ಹೊಗಳುತ್ತಿರುವ ಬಾಯಿಲ್ಲದ ಹುಡುಗಿ ಆ ಲ್ಯಾಬಿನಲ್ಲಿ ಒಂದು ದಿನವೂ ಕೆಲಸ ಮಾಡಿರಲಿಲ್ಲ. ಹಾಜಿಯವರ ದಯೆಯಿಂದ ಕೆಲಸ ಆ ಹುಡುಗಿಗೆ ಸಿಗುವುದಾದರೆ, ತನಗೆ ಅದು ಯಾಕೆ?

ಅವಳು ಫೋನಿನತ್ತ ಬಾಗಿದಳು. “ನಿಸಾರಾಕ, ನಾನು ಇಲ್ಲೇ ಇದ್ದೇನೆ. ನೀವು ಬೇರೆ ಯಾರದ್ದೋ ವಿಷಯ ಹೇಳ್ತಾ ಇದ್ದೀರಿ. ಆ ಸೋಮವಾರ ಎಂತ ಆಯ್ತು, ಅದನ್ನು ಹೇಳಿ.”

“ನೀವು ಸುಮ್ಮನಿರಿ, ನೀವು ಮಾತಾಡ್ಬಾರದು,” ಎಂದು ಪ್ರವೀತ್ ಗಡಬಡಿಸಿದ. ಈಶ್ವರಿ ಅವನಿಗೆ ಕೈ ಅಡ್ಡ ಹಿಡಿದರು.

“ನಿನ್ನ ಉಮ್ಮ ಬಂದು ಅತ್ತದ್ದಕ್ಕೆ, ಮಾವ ಹೇಳಿದ್ದಕ್ಕೆ ನಾನು ಒಳ್ಳೇದು ಹೇಳಿದ್ದು,” ಎಂದ ನಿಸಾರ. ಬೆಣ್ಣೆ ಕರಗಿತ್ತು. “ಅದೂ ಬೇಡವಾ ನಿನಗೆ?”

“ಬೇಡ.”

“ಹಾಗಾದ್ರೆ ಕೇಳಿ ಸಾರ್! ಇಷ್ಟು ಹಟದ ಹೆಂಗಸನ್ನು ನಾನು ನೋಡಿದ್ದಿಲ್ಲ. ದಿನಾ ಕಂಟ್ರೋಲ್, ದಿನಾ! ಜನ ಬೆಂಚಿನಲ್ಲಿ ತಲೆ ತಿರುಗಿ ಬೀಳಬೇಕು, ಇವಳಿಗೆ ಮಾತ್ರ ಅವಸರ ಇಲ್ಲ. ಸ್ವಲ್ಪ ಸಂಶಯ ಬಂದ್ರೆ ಎರಡೆರಡು ಸಲ ಮಾಡುವುದು, ಕಿಟ್ ಎಲ್ಲ ದಂಡ. ಒಂದು ಸಲ ಡಾಕ್ಟ್ರೇ ಫೋನ್ ಮಾಡಿ ಬೇಗ ಕೊಡಿ ಅಂದ್ರೆ, ಆಗುವಾಗ ಕೊಡ್ತೇನೆ ಅಂತ ಅವರಿಗೇ ಹೇಳಿದ್ದಾಳೆ. ಕೊನೆಗೆ ಹದಿನಾಲ್ಕು ಮಂದಿಯನ್ನು ನನ್ನ ಕಣ್ಣೆದುರೇ ವಾಪಸ್ ಕಳಿಸಿದ್ಳು ಮಾರಾಯ್ರೇ! ನನ್ನ ಹತ್ರ ಒಂದು ಮಾತು ಕೇಳ್ಲಿಲ್ಲ!”

ಪ್ರವೀತ್ ಬರೆಯುವುದನ್ನು ನಿಲ್ಲಿಸಿದ್ದ. “ಇದೆಲ್ಲ ನಿಜವಾ?” ಎಂದು ಫೌಝಿಯಾಳನ್ನು ಕೇಳಿದ.

“ನಿಜ. ನೂರು ಬರಬೇಕಾದಲ್ಲಿ ಅವತ್ತು ನೂರಮೂವತ್ತು ಬರ್ತಾ ಇತ್ತು. ಇನ್ನೊಂದು ಸಲ ಹಾಗೆ ಬಂದ್ರೂ ನಾನು ಕಳಿಸ್ತೇನೆ. ಇಲ್ಲಿಯೂ ಕಳಿಸ್ತೇನೆ.”

ಈಶ್ವರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಫೋನನ್ನು ತಮ್ಮತ್ತ ಎಳೆದುಕೊಂಡರು.

“ನಾನು ಇಲ್ಲಿಯ ಲ್ಯಾಬಿನವಳು ಮಾತಾಡುವುದು. ಒಂದೇ ಒಂದು ಕೇಳ್ತೇನೆ. ಇವರು ಕೊಟ್ಟ ರಿಪೋರ್ಟ್ ತಪ್ಪು ಅಂತ ಯಾವ ಡಾಕ್ಟ್ರಾದರೂ ವಾಪಸ್ ಕಳಿಸಿದ್ದುಂಟಾ?”

ಫೋನಿನಿಂದ ಬದಿಯಡ್ಕ ಬಸ್‌ಸ್ಟ್ಯಾಂಡಿನ ಗದ್ದಲ ಕೇಳಿಸಿತು. ಬಸ್ಸೊಂದು ಹಾರ್ನ್ ಹಾಕಿತು. “ಮುಳ್ಳೇರಿಯ, ಮುಳ್ಳೇರಿಯ” ಎಂದು ಕಂಡಕ್ಟರ್ ಕರೆಯುತ್ತಿದ್ದ.

“ಇಲ್ಲ,” ಎಂದ ನಿಸಾರ. “ಅದೊಂದು ಇಲ್ಲ.”

“ಒಂಬತ್ತು ವರ್ಷದಲ್ಲಿ?”

“ಇಲ್ಲ ಮೇಡಂ.”

ಈಶ್ವರಿ ಪ್ರವೀತನ ಕೈಯಿಂದ ಪೆನ್ನು ತೆಗೆದುಕೊಂಡು, ಅವನ ಕಾಗದದಲ್ಲಿ ಅನುಭವ ಎಂದಿದ್ದಲ್ಲಿ ಒಂಬತ್ತು ಎಂದು ತಾವೇ ಬರೆದು, ಕೆಳಗೆ ಆಯ್ಕೆ ಎಂದಿದ್ದಲ್ಲಿ ಸಹಿ ಹಾಕಿದರು. ಶಾಯಿ ಒಣಗುವುದನ್ನು ಫೌಝಿಯಾ ನೋಡುತ್ತ ಕೂತಳು.